ವಿಡಿಆರ್‌ಎಲ್ ‘ರಿಯಾಕ್ಟಿವ್’ ವರದಿ ಇನ್ನು ಮರುದಿನ ಸಂಜೆ

ಮಾನ್ಯ ಗ್ರಾಹಕರಿಗೆ ಮತ್ತು ಸ್ಯಾಂಪಲ್ ಕಳಿಸುವ ವೈದ್ಯರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡುವ ರೋಗ) ಪತ್ತೆಯ ವಿಡಿಆರ್‌ಎಲ್ ಪರೀಕ್ಷೆಯಲ್ಲಿ ‘ರಿಯಾಕ್ಟಿವ್’, ಅಂದರೆ ಪಾಸಿಟಿವ್, ಬಂದರೆ ವರದಿಯನ್ನು ಅದೇ ಸಂಜೆ ಕೊಡುವುದಿಲ್ಲ. ಅದೇ ರಕ್ತದಲ್ಲಿ ಟಿಪಿಎಚ್‌ಎ ಎಂಬ ಖಚಿತಪಡಿಸುವ ಪರೀಕ್ಷೆಯನ್ನೂ ಮಾಡಿ, ಎರಡರ ಫಲಿತಾಂಶವನ್ನು ಒಟ್ಟಿಗೆ ಮರುದಿನ ಸಂಜೆ ಕೊಡುತ್ತೇವೆ. ಮತ್ತೊಮ್ಮೆ ರಕ್ತ ಕೊಡಬೇಕಿಲ್ಲ, ಹೆಚ್ಚಿನ ಹಣವೂ ಇಲ್ಲ. ನೆಗೆಟಿವ್ ವರದಿ ಎಂದಿನಂತೆ ಅದೇ ದಿನ.

ಚೀಟಿಯಲ್ಲಿ ವಿಡಿಆರ್‌ಎಲ್ ಎಂದಿದ್ದರೂ ನಾವು ಮಾಡುವುದು ಅದೇ ಬಗೆಯ ಆರ್‌ಪಿಆರ್ ಕಾರ್ಡ್ ಪರೀಕ್ಷೆ. ಅದು ಹಿಡಿಯುವುದು ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನಂಶದ ವಿರುದ್ಧದ ಪ್ರತಿಕಾಯವನ್ನು, ರೋಗಾಣುವನ್ನಲ್ಲ. ಮಲೇರಿಯಾ, ಕುಷ್ಠ, ಲೂಪಸ್ ಇದ್ದವರಲ್ಲಿ, ಕೆಲವು ಬಸುರಿಯರಲ್ಲಿ, ವಯಸ್ಸಾದವರಲ್ಲೂ ಈ ಪ್ರತಿಕಾಯ ಇರಬಹುದು. ಕೈತಪ್ಪೂ ಆಗುತ್ತದೆ: 50 ಮೈಕ್ರೋಲೀಟರ್ ಸೀರಮ್ ಹಾಕಿದ ಕಾರ್ಡು ನಿಮಿಷಕ್ಕೆ 100 ಸುತ್ತಿನಂತೆ 8 ನಿಮಿಷ ತಿರುಗಬೇಕು. ಹೊತ್ತು ಮೀರಿ ಅಂಚು ಒಣಗಿತೋ, ಪರೀಕ್ಷಾ ದ್ರಾವಣದ ಇದ್ದಿಲ ಕಣಗಳು ಗಂಟುಗಟ್ಟಿ ಪಾಸಿಟಿವ್‌ನಂತೆಯೇ ಕಾಣುತ್ತವೆ. ‘ರಿಯಾಕ್ಟಿವ್’ ಎಂಬ ಒಂದೇ ಪದದ ಚೀಟಿ ಮನೆಗೆ ಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಮುಂದೆ ಕಾರ್ಡ್ ಪರೀಕ್ಷೆಯನ್ನು ಮರಳಿ ಮಾಡಿ, ಸೀರಮನ್ನು 1:2, 1:4, 1:8 ಎಂದು ತೆಳುಮಾಡುತ್ತಾ ಟೈಟರ್ (ಎಷ್ಟು ತೆಳುಮಾಡುವವರೆಗೂ ಪಾಸಿಟಿವ್ ಬರುತ್ತದೆ ಎಂಬ ಅಳತೆ) ಬರೆಯುತ್ತೇವೆ. ಟಿಪಿಎಚ್‌ಎ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ನೋಡುತ್ತದೆ. ಅದರ ಪ್ಲೇಟನ್ನು 45ರಿಂದ 60 ನಿಮಿಷ ಅಲುಗಾಡದಂತೆ ಇಡಬೇಕು. ಪಾಸಿಟಿವ್ ಆದರೆ ಕಣಗಳು ಚಾಪೆಯಂತೆ ಹರಡುತ್ತವೆ, ನೆಗೆಟಿವ್ ಆದರೆ ಗುಂಡಿಯಂತೆ ತಳದಲ್ಲಿ ಕೂರುತ್ತವೆ. ರೋಗಾಣುವಿನ ಅಂಶವಿಲ್ಲದ ಕಣಗಳನ್ನು ಹಾಕಿದ ಕಂಟ್ರೋಲ್ ಗುಳಿಯಲ್ಲೂ ಚಾಪೆ ಕಂಡರೆ ಆ ಫಲಿತಾಂಶ ಕೊಡದೆ ಮರುಪರೀಕ್ಷೆ ಮಾಡುತ್ತೇವೆ.

ಎರಡೂ ಪಾಸಿಟಿವ್ ಎಂದರೆ ಈಗಿನ ಸೋಂಕೇ ಎಂದಲ್ಲ. ಚಿಕಿತ್ಸೆ ಮುಗಿದ ಮೇಲೂ ಟಿಪಿಎಚ್‌ಎ ಬಹುಮಟ್ಟಿಗೆ ಜೀವನವಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಗುಣವಾಯಿತೇ ಎಂದು ತಿಳಿಸುವುದು ಆರ್‌ಪಿಆರ್ ಟೈಟರ್: 1:32 ಇದ್ದದ್ದು 1:8ಕ್ಕೆ ಇಳಿದರೆ ಚಿಕಿತ್ಸೆ ಹಿಡಿದಿದೆ. ಹಾಗಾಗಿ ಹಳೆಯ ವರದಿ ಇದ್ದರೆ ದಯವಿಟ್ಟು ತನ್ನಿ. ಆರ್‌ಪಿಆರ್ ಮಾತ್ರ ಪಾಸಿಟಿವ್ ಆಗಿದ್ದರೆ ಅದು ಹೆಚ್ಚಾಗಿ ಸುಳ್ಳು ಪಾಸಿಟಿವ್. ಆದರೂ ನಿರ್ಧಾರ ವೈದ್ಯರದು. ಸಿಫಿಲಿಸ್‌ನ ಮೊದಲ ಹುಣ್ಣು ಈಗಷ್ಟೇ ಕಂಡಿದ್ದರೆ ಎರಡೂ ನೆಗೆಟಿವ್ ಬರಬಹುದು, 2ರಿಂದ 4 ವಾರ ಬಿಟ್ಟು ಮತ್ತೆ ಪರೀಕ್ಷಿಸಿಕೊಳ್ಳಿ.

ಬಸುರಿಯರ ವಿಷಯದಲ್ಲಿ ಮಾತ್ರ ಮರುದಿನದವರೆಗೆ ಕಾಯುವುದಿಲ್ಲ. ಕಾರ್ಡ್ ಪಾಸಿಟಿವ್ ಆದ ದಿನವೇ ವೈದ್ಯರಿಗೆ ಫೋನಿನಲ್ಲಿ ತಿಳಿಸುತ್ತೇವೆ. ಇದರ ಔಷಧವಾದ ಪೆನಿಸಿಲಿನ್ ತಡವಾದರೆ ಮಗುವಿಗೆ ಅಪಾಯ.

ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಪರೀಕ್ಷೆ ಮಾಡಿಸಿದವರ ಕೈಗೇ ಕೊಡುತ್ತೇವೆ. ವಾಟ್ಸಾಪ್‌ನಲ್ಲಿ ಕಳಿಸಿ ಎಂದು ದಯವಿಟ್ಟು ಕೇಳಬೇಡಿ.

ಇಂತಿ,
ಲ್ಯಾಬ್ ಸಿಬ್ಬಂದಿ