ಯುವಕ ಮಂಡಲದ ರಶೀದಿ ಪುಸ್ತಕ ಮಕ್ಕಳ ಕೈಗೆ ಕೊಟ್ಟು ನೋಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನಲ್ಲಿ ಹಳ್ಳಿಯ ಯುವಕ ಮಂಡಲಗಳು ಒಂದೊಂದೇ ಬಾಗಿಲು ಹಾಕ್ತಾ ಇವೆ ಅಂತ ಬಂದಿತ್ತು. ಕಾರಣ ಕೊಟ್ಟದ್ದು ಮೊಬೈಲು, ಮತ್ತೆ ಹುಡುಗರೆಲ್ಲ ಬೆಂಗಳೂರಿಗೆ ಗಲ್ಫಿಗೆ ಹೋದದ್ದು. ಎರಡೂ ಸುಳ್ಳಲ್ಲ ಮಾರಾಯ್ರೆ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ದು ನನಗೆ ಸರಿ ಕಾಣಲಿಲ್ಲ, ಯಾಕಂದ್ರೆ ಊರಲ್ಲಿ ಹುಡುಗರೇ ಇಲ್ಲ ಅಂತ ಇಲ್ಲ, ಹೈಸ್ಕೂಲು, ಪಿಯುಸಿ, ಐಟಿಐ, ಡಿಗ್ರಿ ಮಾಡುವ ಮಕ್ಕಳು ಬೇಕಾದಷ್ಟು ಇದ್ದಾರೆ, ಸಂಜೆ ಬಸ್ ಸ್ಟ್ಯಾಂಡಿಗೆ ಹೋದ್ರೆ ಗೊತ್ತಾಗ್ತದೆ, ಅವರು ಮಂಡಲದ ಮೆಟ್ಟಿಲು ಹತ್ತುದಿಲ್ಲ ಅಷ್ಟೆ. ಯಾಕೆ ಹತ್ತುದಿಲ್ಲ ಅಂತ ಅವರ ಹತ್ರ ಯಾರೂ ಕೇಳಿದ ಹಾಗೆ ಕಾಣುದಿಲ್ಲ, ನಿಮ್ಮ ವರದಿಯಲ್ಲೂ ಮಾತಾಡಿದವರೆಲ್ಲ ನಮ್ಮ ಪ್ರಾಯದವರೇ.

ಹಳ್ಳಿ ಯುವಕರ ಸಂಘಟನೆಗೆ ಕೇಂದ್ರ ಸರ್ಕಾರ ಮಾಡಿದ ನೆಹರು ಯುವ ಕೇಂದ್ರ ಶುರುವಾದದ್ದು 1972ರಲ್ಲಿ, 1987ರಲ್ಲಿ ಅದು ಸ್ವಾಯತ್ತ ಸಂಘಟನೆ ಆಯ್ತು. ಆ ಕಾಲದಲ್ಲಿ ಊರೂರಲ್ಲಿ ಮಂಡಲ ಕಟ್ಟಿ, ರಿಜಿಸ್ಟರ್ ಮಾಡಿಸಿ, ಶ್ರಮದಾನದಲ್ಲಿ ಕಲ್ಲು ಹೊತ್ತು ಕಟ್ಟಡ ಎಬ್ಬಿಸಿದವರು ಆಗ ಇಪ್ಪತ್ತು ಇಪ್ಪತ್ತೆರಡರ ಹುಡುಗರು. ಅವರ ಮೇಲೆ ನನಗೆ ಗೌರವ ಉಂಟು. ಆದ್ರೆ ಅವರಲ್ಲಿ ಕೆಲವರು ಇವತ್ತಿಗೂ ಕಮಿಟಿಯಲ್ಲಿ ಇದ್ದಾರಲ್ಲ, ಅದು ಹೇಗೆ? ಸರ್ಕಾರದ 2014ರ ರಾಷ್ಟ್ರೀಯ ಯುವ ನೀತಿ ಪ್ರಕಾರ ಯುವಜನ ಹೇಳಿದ್ರೆ 15ರಿಂದ 29, ಅದಕ್ಕೆ ಮೊದ್ಲಿನ 2003ರ ನೀತಿಯಲ್ಲಿ 13ರಿಂದ 35 ಇತ್ತು, ಎಷ್ಟು ಎಳೆದ್ರೂ 35ರ ಮೇಲೆ ಹೋಗುದಿಲ್ಲ. ನಮ್ಮ ಸುತ್ತಮುತ್ತಲಿನ ಮಂಡಲಗಳ ಕಮಿಟಿ ಫೋಟೋ ತೆಗೆದು ನೋಡಿ, ತಲೆಗೆ ಡೈ ಹಾಕದವರನ್ನು ಹುಡುಕಬೇಕು. ನಾನೂ ನಲವತ್ತು ದಾಟಿದವನೇ, ಹಾಗಾಗಿ ಹೇಳ್ಲಿಕ್ಕೆ ಸಂಕೋಚ ಇಲ್ಲ.

ಒಂದು ವಾರ್ಷಿಕೋತ್ಸವ ಹೇಗೆ ನಡೀತದೆ ಅಂತ ನಿಮಗೂ ಗೊತ್ತುಂಟು, ನಿಮ್ಮ ವರದಿಗಾರರಿಗೆ ಇನ್ನೂ ಚೆನ್ನಾಗಿ ಗೊತ್ತುಂಟು. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಯಾರ ಹೆಸರಾದ್ರೂ ಬಿಟ್ಟು ಹೋದ್ರೆ ಬೇಜಾರಾಗ್ತದೆ ಅಂತ ಕೊನೆಗೆ ವಿಶೇಷ ಆಹ್ವಾನಿತರು. ಏಳು ಗಂಟೆ ಅಂದದ್ದು ಎಂಟೂವರೆಗೆ ಶುರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಸ್ಮರಣಿಕೆ, ಮತ್ತೆ ಸಮಯದ ಅಭಾವ ಇರುದರಿಂದ ಎರಡೇ ಮಾತು ಅಂತ ಹೇಳಿ ಅರ್ಧ ಗಂಟೆ ಮಾತಾಡುವವರು, ಅಷ್ಟರಲ್ಲಿ ಡ್ಯಾನ್ಸಿಗೆ ಮೇಕಪ್ ಮಾಡಿ ಕೂತ ಅಂಗನವಾಡಿ ಮಕ್ಕಳು ಅಮ್ಮಂದಿರ ತೊಡೆ ಮೇಲೆ ನಿದ್ದೆ. ಇದರಲ್ಲಿ ಹದಿನೇಳು ವರ್ಷದ ಹುಡುಗನಿಗೆ ಸಿಗುವ ಕೆಲಸ ಎಂತ? ಕುರ್ಚಿ ಹಾಕುದು, ಕುರ್ಚಿ ತೆಗೆಯುದು, ಅನ್ನ ಬಡಿಸುದು, ಅತಿಥಿಗಳಿಗೆ ಹೂ ಕೊಡುವಾಗ ಹರಿವಾಣ ಹಿಡ್ಕೊಂಡು ನಿಲ್ಲುದು. ಡ್ರೈವಿಂಗ್ ಕಲಿಸ್ತೇನೆ ಹೇಳಿ ವರ್ಷಗಟ್ಲೆ ಹಿಂದಿನ ಸೀಟಲ್ಲಿ ಕೂರಿಸಿದ ಹಾಗೆ. ಅವನು ಒಂದು ವರ್ಷ ಬರ್ತಾನೆ, ಎರಡನೇ ವರ್ಷ ಟ್ಯೂಷನ್ ಉಂಟು ಅಂತಾನೆ.

ಈ ಸಲ ನಮ್ಮ ಮಂಡಲದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಟೂರ್ನಮೆಂಟನ್ನು ಪೂರ್ತಿ ಮಕ್ಕಳಿಗೆ ಬಿಟ್ಟದ್ದು. ಪೂರ್ತಿ ಹೇಳಿದ್ರೆ ಪೂರ್ತಿ, ರಶೀದಿ ಪುಸ್ತಕ ಸಮೇತ. ಬ್ಯಾಂಕಿನ ಚೆಕ್ಕಿಗೆ ಮಾತ್ರ ದೊಡ್ಡವರ ಸೈನು. ಮಹಾಸಭೆಯಲ್ಲಿ ಇದಕ್ಕೆ ಜಗಳವೇ ಆಯ್ತು, ದುಡ್ಡಿನ ವಿಷಯ ಮಕ್ಕಳ ಕೈಗೆ ಕೊಡುದಾ ಅಂತ ಹಿರಿಯರೊಬ್ಬರು ಸಿಟ್ಟು ಮಾಡಿ ಎದ್ದು ಹೋದ್ರು, ಚಾ ಕುಡಿದು ವಾಪಸ್ ಬಂದ್ರು ಅದು ಬೇರೆ ವಿಷಯ.

ಕೋರ್ಟ್ ಹಾಕುವಾಗ ನಾನು ಅಲ್ಲೇ ನಿಂತು ನೋಡ್ತಾ ಇದ್ದೆ. 18 ಮೀಟರ್ ಉದ್ದ 9 ಮೀಟರ್ ಅಗಲ ಅಂತ ಎಲ್ಲರಿಗೂ ಗೊತ್ತುಂಟು, ಆದ್ರೆ ಬರೀ ಹಗ್ಗ ಹಿಡಿದು ಅಳೆದ್ರೆ ಮೂಲೆ ಸರಿ ಬರುದಿಲ್ಲ, ಒಂದು ಬದಿ ಓರೆಯಾಗ್ತದೆ, ಆಮೇಲೆ ಬಾಲ್ ಒಳಗಾ ಹೊರಗಾ ಅಂತ ಗಲಾಟೆ. ನಾವೆಲ್ಲ ಕಣ್ಣಂದಾಜಿನವರು. ಈ ಹುಡುಗರು ಅರ್ಧ ಕೋರ್ಟಿಗೆ 9ಕ್ಕೆ 9 ಗೂಟ ಹೊಡೆದು ಮೂಲೆಯಿಂದ ಮೂಲೆಗೆ ಟೇಪ್ ಎಳೆದ್ರು, 12.73 ಮೀಟರ್ ಬರಬೇಕಂತೆ, ಮೊದ್ಲು 12.60 ಬಂತು, ಒಂದು ಗೂಟ ಕಿತ್ತು ಸ್ವಲ್ಪ ಸರಿಸಿ ಪುನಃ ಎಳೆದು, ಆ ಕಡೆ ಈ ಕಡೆ ಎರಡೂ ಸರಿ ಆದ ಮೇಲೆಯೇ ಸುಣ್ಣದ ಹುಡಿ ಹಾಕಿದ್ದು. ಹೈಸ್ಕೂಲಿನ ಪೈಥಾಗೊರಸ್! ಟೇಪ್ ಹಿಡಿದ ಹುಡುಗ ಪರೀಕ್ಷೆಯಲ್ಲಿ ಇದೇ ಲೆಕ್ಕ ಬಿಟ್ಟು ಬಂದವನಂತೆ, ಅವನೇ ನಗಾಡಿಕೊಂಡು ಹೇಳಿದ.

ಬಂದದ್ದು 11 ಟೀಮು. ಟೈಸ್ ಹಾಕ್ಲಿಕ್ಕೆ, ಹೇಳಿದ್ರೆ ಯಾರ ಎದುರು ಯಾರು ಅಂತ ಪಟ್ಟಿ ಮಾಡ್ಲಿಕ್ಕೆ, ಕೂತದ್ದು ಸೆಕೆಂಡ್ ಪಿಯುಸಿ ಕಾಮರ್ಸಿನ ಒಬ್ಬಳು ಹುಡುಗಿ. ನಾಕೌಟ್ ಆದ್ರೆ 16ರಲ್ಲಿ 11 ಕಳೆದು 5 ಟೀಮಿಗೆ ಬೈ (ಮೊದಲ ರೌಂಡ್ ಆಡದೆ ನೇರ ಎರಡನೇ ರೌಂಡಿಗೆ), ಮೊದಲ ರೌಂಡ್ 3 ಮ್ಯಾಚು, ಒಟ್ಟು 10 ಮ್ಯಾಚು ಅಂತ ಬಾಯಲ್ಲೇ ಹೇಳಿದ್ಲು, ಬೈ ಯಾರಿಗೆ ಅಂತ ಕ್ಯಾಪ್ಟನ್‌ಗಳ ಎದುರಲ್ಲೇ ಚೀಟಿ ಎತ್ತಿಸಿದ್ಲು. ಒಂದು ಟೀಮಿನವರು ನಾವು ದೂರದಿಂದ ಬಂದದ್ದು ನಮಗೆ ಬೈ ಬೇಕು ಅಂತ ಸ್ವಲ್ಪ ಜೋರು ಮಾಡಿದ್ದಕ್ಕೆ ‘ಚೀಟಿಯಲ್ಲಿ ಬಂದ್ರೆ ತಗೊಳ್ಳಿ ಅಣ್ಣ’ ಅಂತ ಹೇಳಿ ಮುಂದಿನ ಹೆಸರು ಕರೆದ್ಲು. ಆ ಜಾಗದಲ್ಲಿ ನಮ್ಮ ಕಮಿಟಿಯವರು ಯಾರಾದ್ರೂ ಇದ್ದಿದ್ರೆ ಬೈ ಕೊಟ್ಟೇ ಬಿಡ್ತಿದ್ರು, ಯಾಕಂದ್ರೆ ಆ ಟೀಮಿನ ಯಜಮಾನರು ಇವರ ಪರಿಚಯದವರು.

ಸಭಾ ಕಾರ್ಯಕ್ರಮ ಹದಿನೈದು ನಿಮಿಷ. ಅತಿಥಿ ಒಬ್ಬರೇ, ಊರಿನ ಹಳೇ ವಾಲಿಬಾಲ್ ಪ್ಲೇಯರು, ಭಾಷಣ ಇಲ್ಲ, ಒಂದು ಸರ್ವ್ ಹೊಡೆದು ಉದ್ಘಾಟನೆ ಮಾಡಿದ್ರು. ಪೊಲೀಸ್ ಪರ್ಮಿಶನಿಗೆ ಹೋದ ಮಕ್ಕಳು ರಾತ್ರಿ 10ರ ಮೇಲೆ ಮೈಕ್ ಇಡ್ಲಿಕ್ಕಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅಂತ ಕೇಳಿಕೊಂಡು ಬಂದಿದ್ರು, 10ಕ್ಕೆ ಮೈಕ್ ಆಫ್, ಆಮೇಲೆ ಫೈನಲ್ ತನಕ ಬರೀ ವಿಸಿಲು. ಮರುದಿನ ವಾಟ್ಸಾಪ್ ಗ್ರೂಪಿಗೆ ಲೆಕ್ಕ ಬಂತು, ಬಂದದ್ದು ಹೋದದ್ದು, ಜನರೇಟರಿನ ಡೀಸೆಲ್ ಬಿಲ್ಲಿನ ಫೋಟೋ ಸಮೇತ. ಲೆಕ್ಕಕ್ಕೆ ಮುಂದಿನ ಮಹಾಸಭೆವರೆಗೆ ಕಾಯುವ ಅಭ್ಯಾಸದ ನಮಗೆ ಇದು ಹೊಸತು, ಕೆಲವರಿಗೆ ಸ್ವಲ್ಪ ಕಸಿವಿಸಿಯೂ ಆಯ್ತು ಅನ್ನಿ. ಎಲ್ಲ ಸರಿ ಆಯ್ತು ಅಂತ ಅಲ್ಲ, ಊಟ ಕಮ್ಮಿ ಬಿತ್ತು, ಕೊನೆಗೆ ಬಂದ ಟೀಮಿಗೆ ಗಂಜಿ ಚಟ್ನಿ. ಬೈಸಿಕೊಂಡ್ರು. ಮುಂದಿನ ಸಲ ಎಷ್ಟು ಸೇರು ಅಕ್ಕಿ ಜಾಸ್ತಿ ಹಾಕಬೇಕು ಅಂತ ಅದೇ ಲೆಕ್ಕದ ಕೆಳಗೆ ಬರೆದಿದ್ದಾರೆ.

ಬೇರೆ ಕಾರ್ಯಕ್ರಮಗಳಲ್ಲೂ ಇದು ಆಗುವಂಥದ್ದೇ. ರಕ್ತದಾನ ಶಿಬಿರ ತಗೊಳ್ಳಿ, 18 ತುಂಬದವರು ರಕ್ತ ಕೊಡ್ಲಿಕ್ಕಿಲ್ಲ ನಿಜ, ಆದ್ರೆ ಫಾರಂ ತುಂಬಿಸುದು, ತೂಕ 45 ಕೆಜಿ ಉಂಟಾ ನೋಡುದು, ಯಾರ ಬ್ಲಡ್ ಗ್ರೂಪ್ ಯಾವುದು ಅಂತ ಪಟ್ಟಿ ಇಟ್ಟುಕೊಳ್ಳುದು, ಗಂಡಸರಿಗೆ 90 ದಿನ ಹೆಂಗಸರಿಗೆ 120 ದಿನ ಆದ ಮೇಲೆ ಫೋನ್ ಮಾಡಿ ನೆನಪಿಸುದು, ಇದನ್ನೆಲ್ಲ ಒಂಬತ್ತನೇ ಕ್ಲಾಸಿನವರೂ ಮಾಡ್ತಾರೆ. ನಮ್ಮಲ್ಲಿ ಈಗ ಶಿಬಿರ ಹೇಳಿದ್ರೆ ಬ್ಯಾನರ್ ಎದುರು ಮಲಗಿದವರ ಪಕ್ಕ ನಿಂತು ಅತಿಥಿಗಳ ಫೋಟೋ, ಅಷ್ಟೆ.

ಯುವಜನ ಮೇಳದ ಕಾಲ ನೆನಪಾಗ್ತದೆ. ಯುವಜನ ಸೇವಾ ಇಲಾಖೆಯವರು ತಾಲೂಕು, ಜಿಲ್ಲೆ, ರಾಜ್ಯ ಮಟ್ಟದಲ್ಲಿ ಸ್ಪರ್ಧೆ ಅಂತ ಮಾಡ್ತಿದ್ದದ್ದು, ಭಾವಗೀತೆ, ರಂಗಗೀತೆ, ಲಾವಣಿ, ಗೀಗಿ ಪದ, ಕೋಲಾಟ, ಭಜನೆ, ಏಕಪಾತ್ರಾಭಿನಯ. ರಾಗಿ ಬೀಸುವ ಪದವೂ ಇತ್ತು, ನಮ್ಮ ಕರಾವಳಿಯಲ್ಲಿ ರಾಗಿ ಬೆಳೆದವರುಂಟಾ, ಆದ್ರೂ ಯುವತಿ ಮಂಡಲದ ಹುಡುಗಿಯರು ಬೀಸುಕಲ್ಲು ಹುಡುಕಿ ಹಾಡು ಕಲಿತು ತಾಲೂಕಿಗೆ ಹೋಗ್ತಿದ್ರು. ಕಲಿಸುವವರನ್ನು ಹುಡುಕಿದ್ದು, ಡ್ರೆಸ್ ಹೊಲಿಸಿದ್ದು, ವ್ಯಾನಿಗೆ ದುಡ್ಡು ಒಟ್ಟು ಮಾಡಿದ್ದು ಎಲ್ಲ ಅವರೇ. ಹೆಚ್ಚಿನ ಕಡೆ ಆ ಯುವತಿ ಮಂಡಲ ಈಗ ಬೋರ್ಡಿನಲ್ಲಿ ಮಾತ್ರ ಉಂಟು. ನಮ್ಮ ಟೂರ್ನಮೆಂಟಿಗೆ ಅಷ್ಟು ಹುಡುಗಿಯರು ಬರ್ತಾರೆ ಅಂತ ನಾವು ಎಣಿಸಿರಲೇ ಇಲ್ಲ, ಅವರನ್ನು ಈವರೆಗೆ ಕರೆದದ್ದು ಪ್ರಾರ್ಥನೆ ಹಾಡ್ಲಿಕ್ಕೆ, ಆರತಿ ತಟ್ಟೆ ಹಿಡೀಲಿಕ್ಕೆ.

2023ರ ಅಕ್ಟೋಬರ್ 31ಕ್ಕೆ ಯುವಜನರಿಗೆ ಅಂತ ಕೇಂದ್ರ ಸರ್ಕಾರದ ಮೈ ಭಾರತ್ ಪೋರ್ಟಲ್ ಶುರುವಾಯ್ತು, ಮಕ್ಕಳು ಮೊಬೈಲಲ್ಲೇ ಹೆಸರು ನೋಂದಾಯಿಸಬಹುದು, ಅದು ಒಳ್ಳೆಯದೇ, ಬೇಡ ಅಂತ ಹೇಳುದಿಲ್ಲ. ಆದ್ರೆ ಜೋರು ಮಾಡುವ ಟೀಮಿನ ಎದುರು ಚೀಟಿ ಎತ್ತಿಸುದು ಪೋರ್ಟಲಿನಲ್ಲಿ ಬರುದಿಲ್ಲ, ಅದಕ್ಕೆ ಊರಿನ ಮೈದಾನವೇ ಆಗಬೇಕು.

ನಿಮ್ಮ ಹತ್ರ ಒಂದು ಕೇಳಿಕೆ. ಮಂಡಲಗಳ ವರದಿ ನಿಮ್ಮಲ್ಲಿ ಬರುದು ಹೇಗೆ ಹೇಳಿದ್ರೆ, ವೇದಿಕೆಯಲ್ಲಿ ಇದ್ದವರ ಹೆಸರು ಪೂರ್ತಿ ಒಂದು ಪ್ಯಾರಾ, ಯಾರು ಸ್ವಾಗತಿಸಿದರು, ಯಾರು ವಂದಿಸಿದರು, ಆಟದಲ್ಲಿ ಗೆದ್ದವರು ಯಾರು ಅಂತ ಕೊನೆ ಸಾಲಲ್ಲಿ, ಜಾಗ ಇಲ್ಲದಿದ್ರೆ ಅದೂ ಕಟ್. ಪೇಪರಿನಲ್ಲಿ ಹೆಸರು ಬರಬೇಕು ಅಂತಲೇ ವೇದಿಕೆ ಉದ್ದ ಆಗುದು, ನೀವು ಆ ಪ್ಯಾರಾ ನಿಲ್ಲಿಸಿದ ದಿನ ಅರ್ಧ ಕುರ್ಚಿ ತನ್ನಿಂತಾನೇ ಕಮ್ಮಿ ಆಗ್ತದೆ. ನಮ್ಮ ಮಕ್ಕಳು ಬರೆದು ಕಳಿಸಿದ ಟೂರ್ನಮೆಂಟ್ ವರದಿ ಇನ್ನೂ ಬಂದಿಲ್ಲ, ಅದರಲ್ಲಿ ಅತಿಥಿಗಳ ಹೆಸರು ಕಮ್ಮಿ ಇದ್ದದ್ದಕ್ಕೆ ಬದಿಗೆ ಹೋಯ್ತಾ ಅಂತ ನನಗೆ ಸಂಶಯ, ಸ್ವಲ್ಪ ನೋಡಿ.

ಬರುವ ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್ ಹೊತ್ತಿಗೆ) ಕೆಸರುಗದ್ದೆ ಕ್ರೀಡಾಕೂಟವೂ ಅವರಿಗೇ ಬಿಟ್ಟದ್ದು. ಕಷ್ಟ ಎಂತ ಹೇಳಿದ್ರೆ ನಮ್ಮ ಬದಿಯಲ್ಲಿ ಗದ್ದೆ ಎಲ್ಲ ಅಡಿಕೆ ತೋಟ ಆಗಿ ಹಗ್ಗಜಗ್ಗಾಟಕ್ಕೆ ಸಾಕಾಗುವಷ್ಟು ಕೆಸರು ಸಿಗುದಿಲ್ಲ. ಬೆಳ್ತಂಗಡಿ ಆಸುಪಾಸಿನ ಓದುಗರಲ್ಲಿ ಯಾರದ್ದಾದ್ರೂ ಎರಡು ಮುಡಿ ಗದ್ದೆ ಬೇಸಾಯ ಇಲ್ಲದೆ ಹಡೀಲು ಬಿದ್ದದ್ದು ಇದ್ರೆ ತಿಳಿಸಿ, ಟಿಲ್ಲರ್ ಬಾಡಿಗೆ ಮಕ್ಕಳೇ ಕೊಡ್ತಾರಂತೆ, ರಶೀದಿ ಕೇಳ್ತಾರೆ ಮಾತ್ರ.

ಇತಿ,
ಯುವಕ ಮಂಡಲದ ಒಬ್ಬ ಹಳೇ ಸದಸ್ಯ
ಬೆಳ್ತಂಗಡಿ ತಾಲೂಕು