ಭುಜದ ನೋವೆಲ್ಲಾ ‘ಮಸಲ್ ಬೆಳೆಯೋ ನೋವು’ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುಟದಲ್ಲಿ ಯಾವ ವ್ಯಾಯಾಮ ಮಾಡ್ಬೇಕು, ಎಷ್ಟು ಸೆಟ್ ಹೊಡೀಬೇಕು ಅಂತೆಲ್ಲಾ ಬರ್ತಾನೇ ಇರತ್ತೆ, ಆದ್ರೆ ಮಾರನೇ ದಿನ ಬರೋ ನೋವು ಮಾಮೂಲಿದಾ ಅಥವಾ ಪೆಟ್ಟಾ ಅಂತ ಹೇಗೆ ತಿಳ್ಕೋಬೇಕು ಅನ್ನೋದನ್ನ ಯಾರೂ ಬಿಡಿಸಿ ಬರೆಯಲ್ಲ, ಅದಕ್ಕೇ ಈ ಪತ್ರ. ಜಿಮ್‌ಗೆ ಹೊಸದಾಗಿ ಸೇರಿದೋರು ಭುಜ ಹಿಡ್ಕೊಂಡು ನಿಂತ್ರೆ ಪಕ್ಕದೋರು ‘ನೋವಾದ್ರೇನೇ ಮಸಲ್ ಬೆಳೆಯೋದು, ತಡ್ಕೋ’ ಅಂತಾರೆ. ತೊಡೆ ನೋವಿಗೆ ಆ ಮಾತು ನಡೆದ್ರೂ ನಡೀಬಹುದು, ಭುಜದ ವಿಷಯದಲ್ಲಿ ಅದು ಅಪಾಯದ ಮಾತು.

ಮೊದಲು ನೋಡಬೇಕಾದ್ದು ನೋವು ಯಾವಾಗ ಶುರುವಾಯ್ತು ಅನ್ನೋದು. ಮಾಮೂಲಿ ಸ್ನಾಯು ನೋವು ವ್ಯಾಯಾಮ ಮಾಡ್ತಿರುವಾಗ ಬರಲ್ಲ, 12ರಿಂದ 24 ಗಂಟೆ ಬಿಟ್ಟು ನಿಧಾನಕ್ಕೆ ಶುರುವಾಗಿ ಎರಡನೇ ಮೂರನೇ ದಿನ ಜೋರಾಗತ್ತೆ, ಆಮೇಲೆ ತಾನಾಗೇ ಇಳಿದು ಹೆಚ್ಚಂದ್ರೆ ಒಂದು ವಾರದೊಳಗೆ ಹೋಗತ್ತೆ. ಎರಡೂ ಕೈಗೆ ಒಂದೇ ವ್ಯಾಯಾಮ ಮಾಡಿದ್ರೆ ಸಾಮಾನ್ಯವಾಗಿ ಎರಡೂ ಭುಜ ನೋಯತ್ತೆ, ಒತ್ತಿದ್ರೆ ಮಾಂಸದ ಭಾಗ ಪೂರ್ತಿ ನೋವು, ಬೆಳಗ್ಗೆ ಎದ್ದಾಗ ಬಿಗಿ, ಸ್ವಲ್ಪ ಕೈ ಆಡಿಸಿದ್ರೆ ಹಗುರ. ಇದು ಲ್ಯಾಕ್ಟಿಕ್ ಆಸಿಡ್ (ಜೋರು ವ್ಯಾಯಾಮದಲ್ಲಿ ಸ್ನಾಯುವಿನೊಳಗೆ ಹುಟ್ಟೋ ಆಮ್ಲ) ಕೂತ್ಕೊಂಡು ಬರೋ ನೋವು ಅಂತ ಇವತ್ತಿಗೂ ತುಂಬಾ ಜನ ಹೇಳ್ತಾರೆ, ತಪ್ಪು ಅದು, ಲ್ಯಾಕ್ಟಿಕ್ ಆಸಿಡ್ ವ್ಯಾಯಾಮ ಮುಗಿದು ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೊರಟು ಹೋಗಿರತ್ತೆ. ರೂಢಿ ಇಲ್ಲದ ಭಾರ ಎತ್ತಿದಾಗ, ಅದಕ್ಕಿಂತ ಹೆಚ್ಚಾಗಿ ಆ ಭಾರಾನ ನಿಧಾನಕ್ಕೆ ಕೆಳಗಿಳಿಸುವಾಗ, ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟಾಗತ್ತೆ, ಅದನ್ನ ದೇಹ ರಿಪೇರಿ ಮಾಡ್ಕೊಳ್ಳೋ ಹೊತ್ತಲ್ಲಿ ಬರೋ ನೋವಿದು.

ಪೆಟ್ಟಿನ ನೋವು ಹಾಗಲ್ಲ. ಬಹಳಷ್ಟು ಸಲ ಯಾವ ಸೆಟ್‌ನಲ್ಲಿ ಶುರುವಾಯ್ತು ಅಂತ ಬೆರಳಿಟ್ಟು ಹೇಳೋಕಾಗತ್ತೆ, ಚಳಕು ಹೊಡೆದ ಹಾಗೆ, ಇಲ್ಲಾ ಟಕ್ ಅಂತ ಸದ್ದಾಗಿ, ಅದೂ ಒಂದೇ ಭುಜದಲ್ಲಿ, ಮಾಂಸದಲ್ಲಲ್ಲ ಕೀಲಿನ ಒಳಗೆ ಇಲ್ಲಾ ಭುಜದ ತುದಿ ಮೂಳೆ ಹತ್ರ. ಭುಜದ ಕೀಲಿನ ಗುಂಡು ದೊಡ್ಡದು, ಅದು ಕೂರೋ ಗುಳಿ ಆಳ ಇಲ್ಲ, ಆ ಗುಂಡನ್ನ ಜಾಗದಲ್ಲಿ ಹಿಡಿದಿಡೋ ಮುಖ್ಯ ಕೆಲಸ ರೊಟೇಟರ್ ಕಫ್ ಅನ್ನೋ ನಾಲ್ಕು ಸಣ್ಣ ಸ್ನಾಯುಗಳದ್ದು. ಅದ್ರಲ್ಲಿ ಮೇಲಿನ ಸ್ನಾಯುವಿನ ಟೆಂಡನ್, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟಿಹಾಕೋ ಗಟ್ಟಿ ನಾರು, ಭುಜದ ತುದಿ ಮೂಳೆ ಕೆಳಗಿನ ಇಕ್ಕಟ್ಟು ಜಾಗದಲ್ಲಿ ಹಾದು ಹೋಗತ್ತೆ, ಅದಕ್ಕೆ ಬಾವು ಬಂದ್ರೆ ಕೈನ ಪಕ್ಕಕ್ಕೆ ಎತ್ತುವಾಗ ಮೊದಲು ಸುಮ್ನಿದ್ದು, ಸುಮಾರು 60 ಡಿಗ್ರಿಯಿಂದ 120 ಡಿಗ್ರಿವರೆಗೆ ಚುಚ್ಚಿ, ಅದನ್ನ ದಾಟಿದ ಮೇಲೆ ಮತ್ತೆ ಕಮ್ಮಿಯಾಗತ್ತೆ. ಕನ್ನಡಿ ಮುಂದೆ ನಿಂತು ನಿಧಾನಕ್ಕೆ ಎತ್ತಿ ನೋಡಿ, ಗೊತ್ತಾಗತ್ತೆ. ಇನ್ನೊಂದು, ಮಾಮೂಲಿ ನೋವಲ್ಲೂ ಶಕ್ತಿ ಸ್ವಲ್ಪ ತಗ್ಗತ್ತೆ ನಿಜ, ಆದ್ರೆ ಬೇರೆಯೋರು ಹಿಡಿದೆತ್ತಿದ್ರೆ ಮೇಲೆ ಹೋಗೋ ಕೈ ನಾವಾಗೇ ಎತ್ತಿದ್ರೆ ಏಳ್ತಾನೇ ಇಲ್ಲ ಅಂದ್ರೆ ಟೆಂಡನ್ ಹರಿದಿರೋ ಅನುಮಾನ ಪಡಬೇಕು. ಆ ಮಗ್ಗುಲಿಗೆ ಮಲಗೋಕಾಗದೆ ರಾತ್ರಿ ಎಚ್ಚರ ಆಗೋದು, ಊತ, ಕೈಗೆ ಜೋಮು ಇಳಿಯೋದು, ವಾರ ಕಳೆದ್ರೂ ನೋವು ಇಳಿಯದೇ ಇರೋದು, ಇವು ಯಾವುದಿದ್ರೂ ಡಾಕ್ಟರಿಗೆ ತೋರಿಸಲೇಬೇಕು.

ನನಗೆ ತುಂಬಾ ಬೇಜಾರಾಗೋದು ಪೇನ್‌ಕಿಲ್ಲರ್ ನುಂಗಿ ವರ್ಕೌಟ್‌ಗೆ ಬರೋರನ್ನ ನೋಡಿದಾಗ. ನೋವು ಗೊತ್ತಾಗಲ್ಲ, ಭಾರ ಮಾತ್ರ ಅದೇ ಟೆಂಡನ್ ಮೇಲೇ ಬೀಳ್ತಿರತ್ತೆ. ಮಾಮೂಲಿ ನೋವಿಗೆ ಮಾತ್ರೇನೇ ಬೇಡ, ಹಗುರವಾಗಿ ಕೈ ಆಡಿಸಿ, ಚೆನ್ನಾಗಿ ನಿದ್ದೆ ಮಾಡಿ, ನೋವು ಇಳಿಯೋವರೆಗೆ ಅದೇ ಸ್ನಾಯುವಿಗೆ ಹೆಚ್ಚು ಭಾರ ಕೊಡದಿದ್ರೆ ಸಾಕು.

ಇನ್ನು ಕಾಯಬಾರದ ಕೆಲವು ಸಂದರ್ಭ ಇದೆ. ಭುಜದ ಆಕಾರಾನೇ ಬದಲಾಗಿದ್ರೆ ಕೀಲು ತಪ್ಪಿರಬಹುದು, ಗೊತ್ತಿಲ್ಲದೋರು ಎಳೆದು ಕೂರಿಸೋಕೆ ಹೋಗ್ಲೇಬಾರದು, ಪಕ್ಕದಲ್ಲೇ ಇರೋ ನರಕ್ಕೋ ರಕ್ತನಾಳಕ್ಕೋ ಹಾನಿಯಾಗಬಹುದು. ವಿಪರೀತ ನೋವು, ಊತದ ಜೊತೆ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದ್ರೆ ಸ್ನಾಯು ಒಡೆದು ಕಿಡ್ನಿಗೆ ಹೊಡೆತ ಬೀಳ್ತಿರಬಹುದು. ಭುಜ ತೋಳಿನ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ರೆ ಅದನ್ನ ವ್ಯಾಯಾಮದ ಲೆಕ್ಕಕ್ಕೆ ಹಾಕದೆ ಆ ಕ್ಷಣಾನೇ ಆಸ್ಪತ್ರೆಗೆ ಹೋಗಬೇಕು, ಹೃದಯದ ನೋವೂ ಅಲ್ಲಿಗೇ ಬರತ್ತೆ.

ದಯವಿಟ್ಟು ಒಬ್ಬ ಮೂಳೆ ವೈದ್ಯರ ಹತ್ರಾನೋ ಫಿಸಿಯೋಥೆರಪಿಸ್ಟ್ ಹತ್ರಾನೋ ಇದನ್ನ ವಿವರವಾಗಿ ಬರೆಸಿ, ಭುಜದ ಚಿತ್ರ ಹಾಕಿ ಯಾವ ಜಾಗದ ನೋವು ಯಾವುದು ಅಂತ ಗುರುತು ಮಾಡಿ ಅರ್ಧ ಪುಟ ಪ್ರಕಟಿಸಿ, ಕತ್ತರಿಸಿ ಜಿಮ್ ಗೋಡೆಗೆ ಅಂಟಿಸೋ ಹಾಗಿದ್ರೆ ಇನ್ನೂ ಒಳ್ಳೇದು.

ಇತಿ,
ನಿಮ್ಮ ನಿತ್ಯದ ಓದುಗ