ನಿಲುವಿಗೆ ಕಂಪನಿ ತೆರುವ ಬೆಲೆಯನ್ನೂ ವರದಿ ಮಾಡಿ

ಮಾನ್ಯ ಸಂಪಾದಕರೇ,

ವರ್ಣಭೇದ, ಲಿಂಗ ಸಮಾನತೆ, ಪರಿಸರದಂತಹ ವಿಷಯಗಳಲ್ಲಿ ಯಾವುದಾದರೂ ಕಂಪನಿ ಬಹಿರಂಗವಾಗಿ ನಿಲುವು ತಳೆದಾಗಲೆಲ್ಲ, ವ್ಯಾಪಾರಸ್ಥರಿಗೆ ಈ ಉಸಾಬರಿ ಬೇಕಿತ್ತೇ ಎಂಬ ಒಂದೇ ಪ್ರಶ್ನೆಯ ಸುತ್ತ ಪತ್ರಿಕೆಗಳ ಚರ್ಚೆ ಗಿರಕಿ ಹೊಡೆಯುತ್ತದೆ. ಗ್ರಾಹಕರು ಅಳೆಯುವುದು ಬೇರೆಯದನ್ನೇ ಎಂಬುದು ನನ್ನ ಅಭಿಪ್ರಾಯ. ಆಡಿದ ಮಾತಿಗಾಗಿ ಕಂಪನಿ ಏನನ್ನಾದರೂ ಕಳೆದುಕೊಳ್ಳಲು ಸಿದ್ಧವಿದೆಯೇ, ತನ್ನ ಸರಕು ತಯಾರಾಗುವ ಜಾಗದಲ್ಲೂ ಆ ಮಾತಿನಂತೆ ನಡೆಯುತ್ತದೆಯೇ ಎಂದು ಅವರು ನೋಡುತ್ತಾರೆ.

2017ರ ಏಪ್ರಿಲ್‌ನಲ್ಲಿ ಬಂದ ಪೆಪ್ಸಿ ಜಾಹೀರಾತನ್ನು ನೆನಪಿಸಿಕೊಳ್ಳಿ. ಫೋಟೊಶೂಟ್ ಬಿಟ್ಟು ಎದ್ದುಬರುವ ರೂಪದರ್ಶಿ ಕೆಂಡಾಲ್ ಜೆನ್ನರ್ ಮೆರವಣಿಗೆ ಸೇರಿ, ಸಾಲಾಗಿ ನಿಂತ ಪೊಲೀಸರಲ್ಲೊಬ್ಬನ ಕೈಗೆ ಪೆಪ್ಸಿ ಕ್ಯಾನ್ ಕೊಡುತ್ತಾರೆ. ಆತ ಒಂದು ಗುಟುಕು ಕುಡಿಯುತ್ತಲೇ ಜನ ಹರ್ಷೋದ್ಗಾರ ಮಾಡುತ್ತಾರೆ. ಮೆರವಣಿಗೆಯ ಫಲಕಗಳಲ್ಲಿ ಶಾಂತಿಯ ಚಿಹ್ನೆಯಿತ್ತು, ಮಾತುಕತೆಗೆ ಬನ್ನಿ ಎಂಬ ಕರೆಯಿತ್ತು. ಎದ್ದು ಕಾಣುವ ಬೇಡಿಕೆ ಮಾತ್ರ ಒಂದೂ ಇರಲಿಲ್ಲ. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯದ ವಿರುದ್ಧ ಅಮೆರಿಕದಲ್ಲಿ ಸಾವಿರಾರು ಮಂದಿ ಬೀದಿಗಿಳಿದಿದ್ದ ಆ ದಿನಗಳಲ್ಲಿ, ಅವರ ನೋವನ್ನು ತಂಪು ಪಾನೀಯದ ಮಾರಾಟಕ್ಕೆ ಬಳಸಿಕೊಳ್ಳಲಾಗಿದೆ ಎಂಬುದು ಯಾರೂ ವಿವರಿಸದೆಯೇ ನೋಡುಗರಿಗೆ ತಿಳಿಯಿತು. ಕಂಪನಿ ಮರುದಿನವೇ ಜಾಹೀರಾತು ಹಿಂಪಡೆದು ಕ್ಷಮೆ ಕೇಳಿತು.

ಇದೇ ದೌರ್ಜನ್ಯವನ್ನು ಖಂಡಿಸಿ 2016ರಲ್ಲಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ್ದ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ಅವರನ್ನು ನೈಕಿ 2018ರ ಸೆಪ್ಟೆಂಬರ್‌ನಲ್ಲಿ ತನ್ನ ಪ್ರಚಾರದ ಮುಖವಾಗಿಸಿಕೊಂಡಿತು. ಜನ ಶೂಗಳಿಗೆ ಬೆಂಕಿಯಿಟ್ಟು ವಿಡಿಯೊ ಹಂಚಿದರು, ಷೇರು ಬೆಲೆ ಸುಮಾರು ಶೇ 3ರಷ್ಟು ಇಳಿಯಿತು. ಆದರೂ ಕಂಪನಿ ಹಿಂದೆ ಸರಿಯಲಿಲ್ಲ. ಅದೇ ತಿಂಗಳಲ್ಲಿ ಷೇರು ಮೊದಲಿನ ಮಟ್ಟವನ್ನು ದಾಟಿತು. ಮಂಡಿಯೂರಿದ ತಪ್ಪಿಗೆ ಆಡುವ ಅವಕಾಶವನ್ನೇ ಕಳೆದುಕೊಂಡಿದ್ದ ವ್ಯಕ್ತಿಯ ಪಕ್ಕದಲ್ಲಿ ನಿಂತದ್ದರಿಂದಲೇ ಆ ನಿಲುವಿಗೆ ತೂಕ ಬಂತು ಎಂದು ನಾನು ನಂಬುತ್ತೇನೆ.

ನಿಲುವು ತಳೆದು ನಂತರ ನುಣುಚಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು. 2023ರಲ್ಲಿ ಟ್ರಾನ್ಸ್‌ಜೆಂಡರ್ ಕಲಾವಿದೆ ಡಿಲನ್ ಮಲ್ವೇನಿ ಅವರ ಮೂಲಕ ಪ್ರಚಾರ ಮಾಡಿದ ಬಡ್ ಲೈಟ್ ಬಿಯರ್ ಕಂಪನಿ, ಬಹಿಷ್ಕಾರದ ಕೂಗು ಎದ್ದೊಡನೆ, ಜನರನ್ನು ಒಡೆಯುವ ಚರ್ಚೆಯ ಭಾಗವಾಗುವ ಉದ್ದೇಶ ತನಗಿರಲಿಲ್ಲ ಎಂದು ಜಾರಿಕೊಂಡಿತು. ಸಿಟ್ಟಾಗಿದ್ದವರು ಅದರಿಂದ ತಣ್ಣಗಾಗಲಿಲ್ಲ, ಬೆಂಬಲಿಸಬಹುದಾಗಿದ್ದವರೂ ದೂರವಾದರು. ದ್ವೇಷದ ದಾಳಿ ಎದುರಿಸುತ್ತಿದ್ದ ಮಲ್ವೇನಿ, ಕಂಪನಿ ತಮ್ಮನ್ನು ಸಂಪರ್ಕಿಸಲೇ ಇಲ್ಲ ಎಂದು ಹೇಳಿಕೊಂಡರು. ಅಮೆರಿಕದಲ್ಲಿ ಎರಡು ದಶಕ ಕಾಲ ಅಗ್ರಸ್ಥಾನದಲ್ಲಿದ್ದ ಆ ಬಿಯರ್ ಅದೇ ವರ್ಷ ಆ ಸ್ಥಾನವನ್ನು ಬಿಟ್ಟುಕೊಟ್ಟಿತು.

ಗ್ರಾಹಕರಾದ ನಮ್ಮ ನಡೆಯೂ ಸದಾ ನುಡಿದಂತೆ ಇರುವುದಿಲ್ಲ. ಸಮೀಕ್ಷೆಗಳಲ್ಲಿ ಮೌಲ್ಯಗಳ ಪರ ಮಾತನಾಡುವ ನಮ್ಮನ್ನು ಅಂಗಡಿಯಲ್ಲಿ ಬೆಲೆ ಮತ್ತು ರೂಢಿ ಎಳೆದೊಯ್ಯುತ್ತವೆ. ಮೆಚ್ಚುಗೆಗಿಂತ ಸಿಟ್ಟು ಬೇಗ ಕೆಲಸ ಮಾಡುತ್ತದೆ, ಬದಲಿ ಸರಕು ಕೈಗೆಟಕುವಂತಿದ್ದರಂತೂ ಇನ್ನೂ ಬೇಗ.

ನನ್ನ ಆಕ್ಷೇಪ ಇರುವುದು ನಮಗೆ ಸಿಗುವ ಮಾಹಿತಿಯ ಬಗ್ಗೆ. ಎಲ್ಲ ವರ್ಣದವರೂ ಒಂದೇ ಎಂದು ಜಾಹೀರಾತುಗಳಲ್ಲಿ ಸಾರಿ ಜಗತ್ತಿನ ಗಮನ ಸೆಳೆದ ಬೆನೆಟನ್‌ನ ಬಟ್ಟೆಗಳು, 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ಕುಸಿದು 1,100ಕ್ಕೂ ಹೆಚ್ಚು ಮಂದಿಯನ್ನು ಬಲಿ ಪಡೆದ, ಸಿದ್ಧ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡದ ಅವಶೇಷಗಳಲ್ಲಿ ಸಿಕ್ಕವು. ಆ ಕಟ್ಟಡದೊಂದಿಗೆ ನಂಟಿಲ್ಲ ಎಂದ ಕಂಪನಿ ಬಳಿಕ ಒಪ್ಪಿಕೊಂಡಿತಾದರೂ, ಸಂತ್ರಸ್ತರ ಪರಿಹಾರ ನಿಧಿಗೆ ಹಣ ಕೊಟ್ಟಿದ್ದು 2015ರಲ್ಲಿ. ಹಾಗೆಯೇ, 2004ರಿಂದ ಡವ್ ಸೋಪಿನ ಪ್ರಚಾರದಲ್ಲಿ ಸಹಜ ಸೌಂದರ್ಯವನ್ನು ಕೊಂಡಾಡಿದ ಯೂನಿಲಿವರ್, ತನ್ನದೇ ಫೇರ್ ಅಂಡ್ ಲವ್ಲಿ ಕ್ರೀಮಿನ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿದ್ದು 2020ರಲ್ಲಿ. ಈ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವವರಿಲ್ಲದಿದ್ದರೆ, ಜಾಹೀರಾತು ಹೇಳಿದ್ದನ್ನೇ ಗ್ರಾಹಕ ನಂಬಬೇಕಾಗುತ್ತದೆ.

ಆದ್ದರಿಂದ, ಯಾವುದೇ ಬ್ರ್ಯಾಂಡ್‌ನ ಸಾಮಾಜಿಕ ಪ್ರಚಾರವನ್ನು ಸುದ್ದಿ ಮಾಡುವಾಗ, ಆ ಸರಕು ಎಲ್ಲಿ ತಯಾರಾಗುತ್ತದೆ, ತಯಾರಿಸುವವರಿಗೆ ಸಿಗುವ ಕೂಲಿ ಎಷ್ಟು, ಆ ಉದ್ದೇಶಕ್ಕೆ ಕಂಪನಿ ಎಷ್ಟು ಹಣ ಕೊಟ್ಟಿದೆ ಎಂಬ ವಿವರಗಳನ್ನೂ ಅದೇ ವರದಿಯಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಪ್ರಶ್ನಿಸಿದಾಗ ಕಂಪನಿ ಉತ್ತರಿಸದಿದ್ದರೆ ಅದನ್ನೂ ದಾಖಲಿಸಿ.

ಇಂತಿ,
ನಿಮ್ಮ ಓದುಗ